ಉಚ್ಚೆಂಗಮ್ಮನ ಕೈಗುಣ

ಹೊಸಪೇಟೆಯ ಸುತ್ತಮುತ್ತ ಯಾರ ಮನೆಯಲ್ಲಿ ಮದುವೆ, ಕುಬಸ, ತೊಟ್ಟಿಲು ಅಂತ ನಿಕ್ಕಿಯಾದರೂ ಹಿರಿಯರ ಬಾಯಿಂದ ಮೊದಲು ಬರುತ್ತಿದ್ದ ಪ್ರಶ್ನೆ, "ಉಚ್ಚೆಂಗಮ್ಮಗ ಹೇಳಿರೇನು?" ಎಂಬುದು. ಐನೋರು, ವಾಲಗ, ಶಾಮಿಯಾನ ಎಲ್ಲ ಆಮೇಲಿನ ಮಾತು. ಆಕೆಗೆ ಪುರುಸೊತ್ತಿಲ್ಲ ಎಂದು ತಿಳಿದು ಮದುವೆಯ ದಿನವನ್ನೇ ಮುಂದಕ್ಕೆ ಹಾಕಿದ ಮನೆ ಕಂಪ್ಲಿಯಲ್ಲಿದೆ. ಯಶವಂತನಗರದ ಗಣಿ ಲಾರಿಯ ಡ್ರೈವರುಗಳು ಆಯುಧಪೂಜೆಯ ಊಟಕ್ಕೆ ಆಕೆಯನ್ನೇ ಕರೆಸುತ್ತಿದ್ದರು, ಅದೂ ಕಂಪನಿ ಬಸ್ಸಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು. ಅದೇ ಹಿಟ್ಟು, ಅದೇ ಬೆಲ್ಲ, ಅದೇ ಬದನೆಕಾಯಿ; ಬೇರೆಯವರು ಮಾಡಿದರೆ ಹೊಟ್ಟೆ ತುಂಬುತ್ತಿತ್ತು, ಉಚ್ಚೆಂಗಮ್ಮ ಮಾಡಿದರೆ ಜನ ಕೈ ತೊಳೆಯಲು ಮನಸ್ಸಿಲ್ಲದೆ ಕೂತಿರುತ್ತಿದ್ದರು. ಇದಕ್ಕೆ ನಮ್ಮ ಕಡೆ ಕೈಗುಣ ಅನ್ನುತ್ತಾರೆ. ಕಲಿತು ಬರುವುದಲ್ಲ, ಕಸಿದುಕೊಳ್ಳಲೂ ಬರುವುದಿಲ್ಲ ಅಂತ ಜನ ನಂಬಿದ್ದರು. ಕಸಿದುಕೊಳ್ಳಬಹುದು ಅಂತ ತೋರಿಸಿಕೊಟ್ಟವರು ನಮ್ಮ ಸರ್ಕಾರದವರು.

ಮಲಪನಗುಡಿಯ ಹೆಣ್ಣು ಆಕೆ. ಗಂಡ ಅದಿರಿನ ಲಾರಿ ಓಡಿಸುತ್ತಿದ್ದ. ಕೆಂಪು ದೂಳು ನುಂಗಿ ನುಂಗಿ ಕೆಮ್ಮುತ್ತಲೇ ಹೋದ. ಆಮೇಲೆ ಆಕೆ ಅತ್ತೆಯ ಹಿಂದೆ ಹೊರಟಳು. ಅತ್ತೆ ಮದುವೆ ಮನೆಗಳ ಅಡುಗೆಯಾಕೆ. ಅತ್ತೆಯ ಸಟ್ಟುಗ ಸೊಸೆಯ ಕೈಗೆ ಬಂತು, ಹೆಸರು ಅತ್ತೆಯನ್ನು ಮೀರಿ ಬೆಳೆಯಿತು. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಹೋಳಿಗೆ ತಟ್ಟುತ್ತಲೇ ಬೀಗರ ಜಗಳ ಬಿಡಿಸುವಳು, ಒಗ್ಗರಣೆ ಹಾಕುತ್ತಲೇ ಮದುಮಗನ ಕಾಲೆಳೆಯುವಳು. ಆದರೆ ಊಟದ ವಿಷಯದಲ್ಲಿ ಆಕೆಯ ಬಾಯಿಂದ ಇಲ್ಲ ಎಂಬ ಮಾತು ಬಂದದ್ದನ್ನು ಯಾರೂ ಕೇಳಿರಲಿಲ್ಲ. ಕರೆಯದೆ ಬಂದವರು, ಎರಡು ಪಂಕ್ತಿಯಲ್ಲೂ ಕೂತವರು, ಕುಡಿದು ಬಂದು ಎಲೆಯ ಮೇಲೇ ಒರಗಿದವರು, ಎಲ್ಲರಿಗೂ ಬಡಿಸುತ್ತಿದ್ದಳು. "ಬೈಯೋದು ಬ್ಯಾರೆ, ಬಡಸೋದು ಬ್ಯಾರೆ," ಅನ್ನುತ್ತಿದ್ದಳು. ಬೈದೇ ಬಡಿಸುತ್ತಿದ್ದಳು.

ಆಕೆಯದು ಒಂದೇ ಚಟ, ಚಾ. ಒಲೆಯ ಮುಂದೆ ಬೆಳಗಿನಿಂದ ಕೂತರೂ ನೀರು ಮುಟ್ಟುವವಳಲ್ಲ. ಬೆಲ್ಲದ ಕರಿ ಚಾ ಕುದಿಯುತ್ತಲೇ ಇರಬೇಕು. ಜೊತೆಗೆ ಕೆಲಸ ಮಾಡುವ ಎರ್ರೆಮ್ಮ, "ಯಕ್ಕಾ, ನೀ ಸತ್ರ ನಿನ್ನ ಬಾಯಾಗ ಗಂಗಾಜಲ ಅಲ್ಲ, ಚಾನ ಬಿಡ್ತೀನಿ," ಅಂತ ಗೇಲಿ ಮಾಡುತ್ತಿದ್ದಳು.

ಇನ್ನು ಕರೇಕಲ್ಲು ಬಡಾವಣೆಯ ಮಾತು. ಹೊಸಪೇಟೆಯಿಂದ ಕಡ್ಡಿರಾಂಪುರದ ಕಡೆ ಹೋಗುವಾಗ ಬಲಕ್ಕೆ ಸಿಗುತ್ತದೆ. ಹೊಸ ಜಿಲ್ಲೆಯಾದದ್ದೇ ತಡ, ಬಾಳೆ ಗದ್ದೆಯಿದ್ದ ಜಾಗದಲ್ಲಿ ಕಲ್ಲು ನೆಟ್ಟು, ಸುಣ್ಣದ ಗೆರೆ ಎಳೆದು, ಮಾರಿ ಮುಗಿಸಿದರು. ಮನೆಗಳೆದ್ದವು, ಮನೆಗಳ ಮೇಲೆ ಮನೆಗಳೆದ್ದವು, ಅತ್ತ ಹೋಂಸ್ಟೇ, ಇತ್ತ ಡಾಬಾ. ಜನ ಬಂದರು, ಜನರ ಹಿಂದೆ ಬರಬೇಕಾದ್ದು ಬರಲಿಲ್ಲ. ಮೂರು ಊರಿಗೆ ಇದ್ದ ಪೊಲೀಸ್ ಸ್ಟೇಷನ್ನೇ ಈ ಹೊಸ ಊರಿಗೂ. ಅಲ್ಲಿದ್ದ ಅರ್ಧಮರ್ಧ ಪೇದೆಗಳೂ ಹಂಪಿಗೆ ಯಾರೋ ದೊಡ್ಡವರು ಬಂದರೆ ಬಂದೋಬಸ್ತಿಗೆ ಹೋಗಿಬಿಡುವರು. ಹಂಪಿಗೆ ಯಾರಾದರೂ ದೊಡ್ಡವರು ಬಾರದ ದಿನ ಯಾವುದಿದೆ? ಮನೆಗೆ ಕಳ್ಳ ನುಗ್ಗಿದನೆಂದು ಫೋನ್ ಮಾಡಿದರೆ, "ಜೀಪಿಲ್ಲಮ್ಮ, ನೀವ ಹಿಡಕೊಂಡು ಬರ್ರಿ," ಅನ್ನುವ ಉತ್ತರ. ಆರೋಗ್ಯ ಕೇಂದ್ರಕ್ಕೆ ಕಟ್ಟಡ ಬಂತು, ಕಟ್ಟಡಕ್ಕೆ ಬಣ್ಣ ಬಂತು, ಹೆಸರುಗಳ ಕಲ್ಲು ಬಂತು. ಡಾಕ್ಟರು ಮಾತ್ರ ಬರಲಿಲ್ಲ. ಅದರ ಜಗುಲಿಯ ಮೇಲೆ ಒಬ್ಬ ಶೇಂಗಾ ಒಣಗಿಸುತ್ತಿದ್ದ.

ಈ ಬಡಾವಣೆಗೆ ಹೊಳೆ ನೀರಿನ ನಲ್ಲಿ ಬರಲು ಜನ ಬಡಿದಾಡಿದ್ದು ಅಷ್ಟಿಷ್ಟಲ್ಲ. ಕಡೆಗೊಂದು ದಿನ ಪೈಪು ಬಂತು. ಚರಂಡಿಗೂ ಪೈಪಿಗೂ ಬೇರೆ ಬೇರೆ ಗುಂಡಿ ತೋಡುವುದು ಯಾರಿಗೆ ಬೇಕು? ಒಂದೇ ಗುಂಡಿಯಲ್ಲಿ ಎರಡನ್ನೂ ಮಲಗಿಸಿ ಮಣ್ಣು ಎಳೆದರು. ನಲ್ಲಿಯಲ್ಲಿ ನೀರು ಬುಸುಗುಟ್ಟಿ ಬಂದಾಗ ಹೆಂಗಸರು ಅರಿಶಿನ ಕುಂಕುಮ ಏರಿಸಿದರು, ಊದುಬತ್ತಿ ಹಚ್ಚಿದರು. ತುಂಗಭದ್ರೆ ತಮ್ಮ ಬಾಗಿಲಿಗೇ ಬಂದಳೆಂದು ಕಣ್ಣಿಗೊತ್ತಿಕೊಂಡರು. ನೀರಿಗೆ ಏನೋ ಒಂದು ವಾಸನೆ ಇತ್ತು. "ಹೊಸ ಪೈಪಲ್ಲೇನು, ಹಂಗ ಇರತೈತಿ," ಅಂತ ಒಬ್ಬರಿಗೊಬ್ಬರು ಹೇಳಿಕೊಂಡರು. ಇಷ್ಟು ವರ್ಷ ಕಾದವರಿಗೆ ಮೂಗು ಮುಚ್ಚಿಕೊಳ್ಳುವುದು ದೊಡ್ಡದಾಗಿ ಕಾಣಲಿಲ್ಲ.

ಅದೇ ವಾರ ಬಡಾವಣೆಯ ಹೊನ್ನೂರುಸ್ವಾಮಿಯ ಮನೆಯಲ್ಲಿ ತುಂಬು ಬಸುರಿ ಮಗಳು ಹೇಮಾಳ ಕುಬಸ. ಹೊನ್ನೂರುಸ್ವಾಮಿ ಫ್ಯಾಕ್ಟರಿಯಲ್ಲಿ ಫೋರ್‌ಮನ್. ಅಡುಗೆಗೆ ಉಚ್ಚೆಂಗಮ್ಮನೇ ಬಂದಳು. ಕುಡಿಯಲು ಡಬ್ಬಿ ನೀರು ತರಿಸುತ್ತೇನೆ ಅಂತ ಆತ ಹೊರಟಾಗ ಆಕೆಯೇ ತಡೆದಳು.

"ಮನಿ ಮುಂದ ಹೊಳಿ ಬಂದು ನಿಂತೈತಿ, ಡಬ್ಬಿ ನೀರು ಯಾಕಪ? ಹೊಳಿ ನೀರಾಗ ಮಜ್ಜಿಗಿ ಮಾಡಿದ್ರ ಅದರ ರುಚಿನ ಬ್ಯಾರೆ."

"ವಾಸನಿ ಐತಿ ಅಲ್ಲ?"

"ಹೊಸ ಪೈಪು. ಕೊತ್ತಂಬ್ರಿ ಶುಂಠಿ ಹಾಕ್ತೀನಿ, ವಾಸನಿ ಹೋಗತೈತಿ ಬಿಡು."

ಪ್ಲಾಸ್ಟಿಕ್ ಡಬ್ಬಿಯ ನೀರೆಂದರೆ ಈ ಕಡೆಯ ಹಳೆಯ ಜನಕ್ಕೆ ಅಷ್ಟಕ್ಕಷ್ಟೇ. ಹೊಳೆ ನೀರೆಂದರೆ ತಾಯಿ. ತಾಯಿಯನ್ನು ಯಾರು ಅನುಮಾನಿಸುತ್ತಾರೆ? ಉಚ್ಚೆಂಗಮ್ಮನೂ ಅನುಮಾನಿಸಲಿಲ್ಲ.

ಊಟ ಎಂದಿನಂತೆ ಆಯಿತು. ಜನ ಹೋಳಿಗೆಯ ಮೇಲೆ ಹೋಳಿಗೆ ಹಾಕಿಸಿಕೊಂಡರು, ಮಜ್ಜಿಗೆಯನ್ನು ಚೊಂಬುಗಟ್ಟಲೆ ಕುಡಿದರು. ಮರುದಿನ ಬೆಳಿಗ್ಗೆಯಿಂದ ವಾಂತಿ ಭೇದಿ ಶುರುವಾಯಿತು. ಹೊನ್ನೂರುಸ್ವಾಮಿಯ ಮನೆಯಲ್ಲಿ ಮಾತ್ರವಲ್ಲ, ಓಣಿಯಿಂದ ಓಣಿಗೆ. ಕುಬಸಕ್ಕೆ ಬಂದವರು, ಬಾರದವರು, ಆ ದಿನ ಊರಲ್ಲೇ ಇಲ್ಲದೆ ಮರುದಿನ ಬಂದು ಒಂದು ಲೋಟ ನೀರು ಕುಡಿದವರು, ಎಲ್ಲರೂ ಬಿದ್ದರು.

ಬಿದ್ದವರನ್ನು ಆಟೊಗಳಲ್ಲಿ ಪೇರಿಸಿಕೊಂಡು ದೊಡ್ಡ ದವಾಖಾನೆಗೆ ಹೋದರು. ಅಲ್ಲಿ ಮಂಚಕ್ಕೆ ಇಬ್ಬರು, ಮಂಚದ ಕೆಳಗೆ ಒಬ್ಬರು. ಸಲೈನ್ ಬಾಟಲಿಗಳನ್ನು ಕಿಟಕಿಯ ಸರಳಿಗೆ ಕಟ್ಟಿದ್ದರು. ವಾರ್ಡಿಗೆಲ್ಲ ಒಬ್ಬಳೇ ನರ್ಸು, ಆ ಹುಡುಗಿ ಓಡಾಡಿ ಓಡಾಡಿ ಕಣ್ಣೀರು ಹಾಕುತ್ತಿದ್ದಳು. ಡಾಕ್ಟರೆಲ್ಲಿ ಅಂದರೆ ಮೀಟಿಂಗಿನಲ್ಲಿ. ಯಾವ ಮೀಟಿಂಗು ಅಂದರೆ ಬಡಾವಣೆಗಳ ಆರೋಗ್ಯ ಸುಧಾರಣೆಯ ಮೀಟಿಂಗು. ಪಾಯಿಖಾನೆಯಲ್ಲಿ ನೀರಿಲ್ಲ. ವಾಂತಿ ಭೇದಿಯ ರೋಗಿಗಳಿಗೆ ನೀರಿಲ್ಲದ ಪಾಯಿಖಾನೆ! ಅದರ ಬಾಗಿಲಿನಿಂದ ಹರಿದು ಬರುತ್ತಿದ್ದುದನ್ನು ದಾಟಿಕೊಂಡೇ ಜನ ಒಳಗೆ ಹೊರಗೆ ಓಡಾಡಬೇಕು. ಹೊಟ್ಟೆ ಹೊತ್ತ ಹೇಮಾ ಆ ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗಿದ್ದಳು.

ಉಚ್ಚೆಂಗಮ್ಮ ಅದನ್ನು ನೋಡಿ ಸೆರಗು ಮೂಗಿಗೆ ಹಿಡಿದವಳು, ಮನೆಗೆ ಬಂದು ಗಂಜಿ ಕಾಯಿಸಿದಳು. ಅಷ್ಟೇ ಆಕೆಗೆ ಗೊತ್ತಿದ್ದದ್ದು. ಎರ್ರೆಮ್ಮನನ್ನು ಜೊತೆಗಿಟ್ಟುಕೊಂಡು ದೊಡ್ಡ ಪಾತ್ರೆಯಲ್ಲಿ ಗಂಜಿ ಹೊತ್ತು ದಿನಾ ದವಾಖಾನೆಗೆ ಹೋಗಿ ಬಡಿಸಿದಳು. ಹೇಮಾ ಎದ್ದು ಕೂತಳು. ಬಹಳ ಮಂದಿ ಎದ್ದು ಕೂತರು. ಒಬ್ಬಾಕೆ ಏಳಲಿಲ್ಲ, ದುರ್ಗಕ್ಕ. ಹೊನ್ನೂರುಸ್ವಾಮಿಯ ಪಕ್ಕದ ಮನೆಯ ಮುದುಕಿ. ಸಲೈನ್ ಮುಗಿದುಹೋಗಿದೆ, ಹೊರಗಿನಿಂದ ತನ್ನಿ ಅಂತ ಅಂದರಂತೆ. ಆಕೆಯ ಸೊಸೆ ಲಲಿತಾ ತರಲು ಓಡಿ, ತಂದು ನೋಡುವಷ್ಟರಲ್ಲಿ ಮುದುಕಿ ಹೋಗಿಬಿಟ್ಟಿತ್ತು.

ಒಂದು ಸಾವಾಯಿತು ಅಂದಮೇಲೆ ಸರ್ಕಾರ ಎಚ್ಚರವಾಯಿತು. ಯಾವುದಕ್ಕೆ? ತನ್ನ ಕೈ ತೊಳೆದುಕೊಳ್ಳುವುದಕ್ಕೆ. ಮೊದಲು ನೀರಿನ ಆಫೀಸಿನವರು ಬಂದರು. ವಾಲ್ವ್ ಬಂದ್ ಮಾಡಿ, ಗುಂಡಿ ಅಗೆದು, ಏನನ್ನೋ ಸುತ್ತಿ ಮುಚ್ಚಿ, ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಸುರಿದು ಹೋದರು. ಅವರು ಹೋದ ಮೇಲೆ ಆರೋಗ್ಯದ ಇನ್ಸ್‌ಪೆಕ್ಟರು ಬಂದ. ನಲ್ಲಿಯಿಂದ ಒಂದು ಗಾಜಿನ ಕೊಳವೆಯಷ್ಟು ನೀರು ಹಿಡಿದು, ಬಿಸಿಲಿಗೆ ಎತ್ತಿ ನೋಡಿ, ನೀರು ಕುಡಿಯಲು ಯೋಗ್ಯ ಅಂದ. ಹಾಗಾದರೆ ಜನ ಯಾಕೆ ಬಿದ್ದರು? ಊಟ ವಿಷವಾಗಿ. ಊಟ ಯಾರು ಮಾಡಿದ್ದು? ಇಷ್ಟೇ ಲೆಕ್ಕ. ಪೈಪು ಹಾಕಿದ ಗುತ್ತಿಗೆದಾರನನ್ನು ಹಿಡಿಯಬೇಕೆಂದರೆ ಆತನ ಹಿಂದೆ ಯಾರು ಯಾರಿದ್ದಾರೋ. ಅಡುಗೆಯವಳ ಹಿಂದೆ ಎರ್ರೆಮ್ಮ ಬಿಟ್ಟರೆ ಯಾರಿದ್ದಾರೆ?

ಗಂಜಿಯ ಪಾತ್ರೆ ಹೊತ್ತು ದವಾಖಾನೆಯ ಮೆಟ್ಟಿಲು ಹತ್ತುತ್ತಿದ್ದ ಉಚ್ಚೆಂಗಮ್ಮನನ್ನು ಪೇದೆ ಗುಡ್ಡಪ್ಪ ಅಲ್ಲೇ ನಿಲ್ಲಿಸಿದ. ಕಳ್ಳನನ್ನು ಹಿಡಿಯಲು ಸಿಗದ ಜೀಪು ಅಂದು ಸಿಕ್ಕಿತ್ತು. ಗುಡ್ಡಪ್ಪನ ಮಗಳ ಮದುವೆಗೆ ಅಡುಗೆ ಮಾಡಿದವಳು ಇವಳೇ. ಆತ ಮುಖ ಬೇರೆ ಕಡೆ ಮಾಡಿಕೊಂಡು, "ಬರ್ರಿ ಯಕ್ಕ, ಸಾಹೇಬ್ರು ಕರದಾರ," ಅಂದ.

ಸ್ಟೇಷನ್ನಿನ ಎಸ್‌ಐ ಇನ್ನೂ ಮೀಸೆ ಸರಿಯಾಗಿ ಬಲಿಯದವನು. ಮೇಜಿನ ಮೇಲೆ ಕೈ ಊರಿ ಕೇಳಿದ.

"ಊಟ ಉಂಡೋರೆಲ್ಲ ಬಿದ್ದಾರ. ನೀನ್ಯಾಕ ಬಿದ್ದಿಲ್ಲ?"

"ನಾನು ಚಾ ಬಿಟ್ಟು ಬ್ಯಾರೆ ಏನೂ ಕುಡ್ಯಂಗಿಲ್ಲರಿ. ಊಟ ನಾನೂ ಉಂಡೀನಿ. ಎಲ್ಲಾರಕಿಂತ ಒಂದು ಹೋಳಿಗಿ ಜಾಸ್ತಿನ ಉಂಡೀನಿ."

"ಅಂದ್ರ ನೀರು ಕುಡೀಲಿಲ್ಲ. ನೀರಾಗ ಏನೈತಿ ಅಂತ ನಿನಗ ಮದ್ಲ ಗೊತ್ತಿತ್ತು."

ಉಚ್ಚೆಂಗಮ್ಮ ಆತನನ್ನೇ ನೋಡಿದಳು. ನೀರು ಚೆನ್ನಾಗಿದೆ, ಊಟ ಕೆಟ್ಟಿದೆ ಅಂತ ಕರೆಸಿದವನು! "ಸಾಹೇಬ್ರ, ನೀರಾಗ ಏನರ ಇತ್ತು ಅಂತ ನೀವ ಅಂತೀರೇನು ಈಗ?"

ಎಸ್‌ಐ ಕೆಮ್ಮಿದ. "ಮಾತು ತಿರುಗಿಸಬ್ಯಾಡ. ದುರ್ಗಕ್ಕ ಸತ್ತಾಳ. ನಿನ್ನ ಊಟ ಉಂಡು ಸತ್ತಾಳ."

ಇದನ್ನು ಕೇಳಿ ಉಚ್ಚೆಂಗಮ್ಮನಿಗೆ ನಗು ಬಂತು, ನಗುವ ಹೊತ್ತಲ್ಲವೆಂದು ನುಂಗಿಕೊಂಡಳು. ದುರ್ಗಕ್ಕನಿಗೂ ಹೊನ್ನೂರುಸ್ವಾಮಿಗೂ ಕಾಂಪೌಂಡ್ ಗೋಡೆಯ ಜಗಳ ಹತ್ತಿ ಎಷ್ಟೋ ಕಾಲವಾಗಿತ್ತು. ಮುದುಕಿ ಆತನ ಮನೆಯ ಹೊಗೆ ಕಂಡರೂ ಬಾಗಿಲು ಹಾಕಿಕೊಳ್ಳುತ್ತಿತ್ತು. ಕುಬಸದ ದಿನ ಹೋಳಿಗೆಯ ವಾಸನೆ ಬಂದು ಮೊಮ್ಮಕ್ಕಳು ಅತ್ತ ಓಡಿದಾಗ ರಟ್ಟೆ ಹಿಡಿದು ಎಳೆತಂದು ಕೂಡಿಹಾಕಿತ್ತು. ಇಡೀ ಓಣಿಗೆ ಗೊತ್ತಿದ್ದ ಮಾತು ಇದು.

"ಆಕಿ ಆ ಮನಿ ಒಂದು ಅಗಳೂ ಮುಟ್ಟಂಗಿಲ್ಲರಿ. ಹೋಗಿ ಯಾರನ್ನರ ಕೇಳ್ರಿ."

"ಯಾರರ ಕದ್ದು ತಂದು ಕೊಟ್ಟಿರತಾರ," ಅಂದ ಎಸ್‌ಐ.

ಕೇಳಲು ಹೋಗಲು ಜನವೆಲ್ಲಿ? ಇದ್ದವರೆಲ್ಲ ಹಂಪಿಯಲ್ಲಿ ಹಗ್ಗ ಹಿಡಿದು ನಿಂತಿದ್ದರು. ಹೀಗಾಗಿ ಯಾರೂ ಹೋಗಲಿಲ್ಲ, ಯಾರನ್ನೂ ಕೇಳಲಿಲ್ಲ. ಕಡೆಗೆ ಉಚ್ಚೆಂಗಮ್ಮ ತಾನಾಗಿ ಒಂದು ಮಾತು ಹೇಳಿದಳು. ಹೇಳದೆ ಇರಲಾಗಲಿಲ್ಲ ಆಕೆಗೆ. ದುರ್ಗಕ್ಕ ಹೋದ ದಿನದಿಂದ ಅದು ಎದೆಯಲ್ಲಿ ಮುಳ್ಳಾಡಿಸುತ್ತಿತ್ತು.

"ನನ್ನ ತಪ್ಪು ಒಂದೈತಿ ಸಾಹೇಬ್ರ. ಹೊನ್ನೂರುಸ್ವಾಮಿ ಡಬ್ಬಿ ನೀರು ತರ್ತೀನಿ ಅಂದ. ಬ್ಯಾಡ ಅಂದಾಕಿ ನಾನ. ನೀರು ನಾರತಿತ್ತು, ಹೊಸ ಪೈಪು ಅಂದ್ಕೊಂಡೆ. ಅಷ್ಟು ನನ್ನ ತಪ್ಪು."

ಎಸ್‌ಐ ಪೆನ್ನು ಎತ್ತಿಕೊಂಡ. ಅಷ್ಟು ಹೊತ್ತಿನಲ್ಲಿ ಆತ ಬರೆದದ್ದು ಒಂದೇ ಮಾತು: ಅಡುಗೆಯವಳು ತಪ್ಪು ಒಪ್ಪಿಕೊಂಡಿದ್ದಾಳೆ. ಒಬ್ಬ ಮನುಷ್ಯನ ಪ್ರಾಮಾಣಿಕತೆಯನ್ನು ಹೀಗೆ ಹಿಂಡಿ ಕೇಸು ಮಾಡಿಕೊಳ್ಳುವವರನ್ನು ಏನೆಂದು ಕರೆಯಬೇಕೋ ತಿಳಿಯದು. ಬೈಗುಳಗಳೂ ಇಂಥವರ ಮೈಗೆ ಹತ್ತಿಕೊಳ್ಳಲು ನಾಚುತ್ತವೆ.

ಒಳಗೆ ಹಾಕಲಿಲ್ಲ, ಹೆಂಗಸರನ್ನು ಇಟ್ಟುಕೊಳ್ಳಲು ಸ್ಟೇಷನ್ನಿನಲ್ಲಿ ಹೆಂಗಸು ಪೇದೆ ಇರಲಿಲ್ಲ. ದಿನಾ ಬಂದು ಬೆಂಚಿನ ಮೇಲೆ ಕೂತಿರಬೇಕು, ಕತ್ತಲಾಗುವ ಮೊದಲು ಮನೆಗೆ ಹೋಗಬಹುದು ಅಂದರು. ಅದು ಯಾವ ಕಾನೂನೋ! ಉಚ್ಚೆಂಗಮ್ಮ ಮಲಪನಗುಡಿಯಿಂದ ದಿನಾ ಬಂದು ಕೂತಳು. ಸುದ್ದಿ ಕಂಪ್ಲಿಗೆ ಹೋಯಿತು, ಸಂಡೂರಿಗೆ ಹೋಯಿತು. ಕಂಪ್ಲಿಯ ಮದುವೆಯವರು ಫೋನ್ ಮಾಡಿ, "ಈ ಸಲ ಬಳ್ಳಾರಿ ಕಡೆಯೋರಿಗೆ ಹೇಳೇವಿ, ಬ್ಯಾಸರ ಮಾಡ್ಕೋಬ್ಯಾಡ," ಅಂದರು. ಯಶವಂತನಗರದವರು ಫೋನನ್ನೂ ಮಾಡಲಿಲ್ಲ. ಮಲಪನಗುಡಿಯಲ್ಲೇ ಒಬ್ಬಳು ಆಕೆ ಕೊಟ್ಟ ಶೇಂಗಾ ಚಟ್ನಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ತಿಪ್ಪೆಗೆ ಚೆಲ್ಲಿದ್ದನ್ನು ಉಚ್ಚೆಂಗಮ್ಮ ಕಣ್ಣಾರೆ ಕಂಡಳು. ಅವತ್ತು ಆಕೆ ಒಲೆ ಹಚ್ಚಲಿಲ್ಲ. ತನ್ನ ಕೈಯನ್ನೇ ಮಡಿಲಲ್ಲಿ ಇಟ್ಟುಕೊಂಡು ನೋಡುತ್ತ ಕೂತಳು. ಕೇಸು ಬೇಕಾದರೆ ಬೀಳಲಿ, ಜೈಲು ಬೇಕಾದರೆ ಆಗಲಿ. ಈ ಕೈಯ ಊಟ ಉಂಡರೆ ಸಾಯುತ್ತಾರೆ ಎಂಬ ಮಾತು ಹೋಗಬೇಕು. ಆಕೆಗೆ ಬೇಕಾದದ್ದು ಅದೊಂದೇ.

ಇನ್ನು ಮುಂದಿನದು ಹೇಳಲು ಹೇಸಿಗೆಯಾಗುತ್ತದೆ. ಬೆಂಚಿನ ಮೇಲೆ ಸುಮ್ಮನೆ ಕೂತವಳನ್ನು ನೋಡಿ ಒಂದು ದಿನ ಸ್ಟೇಷನ್ನಿನ ಕಾಗದ ಬರೆಯುವ ರೈಟರು, "ಯಮ್ಮಾ, ಹೆಂಗೂ ಕುಂತೀದಿ, ಒಂಚೂರು ಚಾ ಮಾಡು," ಅಂದ. ಸ್ಟೇಷನ್ನಿನ ಹಿಂದೆ ಒಂದು ಗ್ಯಾಸ್ ಒಲೆ ಇತ್ತು. ಚಾ ಮಾಡಿದಳು. ಮರುದಿನ ಚಾದ ಜೊತೆ ಉಪ್ಪಿಟ್ಟು ಅಂದರು. ಅದರ ಮರುದಿನ ಗುಡ್ಡಪ್ಪ ಬದನೆಕಾಯಿ ತಂದು ಮುಂದಿಟ್ಟು ತಲೆ ಕೆರೆದುಕೊಂಡ. ವಾರ ಕಳೆಯುವಷ್ಟರಲ್ಲಿ ಇಡೀ ಸ್ಟೇಷನ್ನು ಆಕೆಯ ಕೈ ಊಟ ಉಣ್ಣುತ್ತಿತ್ತು. ಬಂದೋಬಸ್ತಿನಿಂದ ಸುಸ್ತಾಗಿ ಬಂದವರು, "ಯಕ್ಕಾ, ಇನ್ನೊಂದು ರೊಟ್ಟಿ," ಅನ್ನುವರು. ಎಸ್‌ಐಗೆ ಎಣ್ಣೆಗಾಯಿ ಬಹಳ ಹಿಡಿಸಿತ್ತು. ಊಟ ಮುಗಿಸಿ, ಬೆರಳು ಚೀಪಿ, ಕೈ ತೊಳೆದು, ಅದೇ ಕೈಯಿಂದ ಆಕೆಯ ಮೇಲಿನ ಕೇಸಿಗೆ ಇನ್ನೊಂದು ಸಾಲು ಸೇರಿಸುತ್ತಿದ್ದ. ವಿಷ ಹಾಕಿದವಳೆಂದು ಬರೆದವರು ಆಕೆಯ ತಟ್ಟೆಗೆ ಕೈ ಒಡ್ಡಿ ನಿಲ್ಲುವುದರಲ್ಲಿ ಏನೋ ತಪ್ಪಿದೆ ಅಂತ ಅಲ್ಲಿ ಒಬ್ಬನಿಗೂ ಅನ್ನಿಸಲಿಲ್ಲ.

"ಯಾಕ ಮಾಡಿ ಹಾಕ್ತಿ ಇವರಿಗೆ?" ಅಂತ ಎರ್ರೆಮ್ಮ ಕಿರುಚಿದಳು.

"ಹಸದೋರು ಕೇಳ್ಯಾರ. ಇಲ್ಲ ಅಂತ ಹೆಂಗ ಅನ್ಲಿ? ಉಂಡ ಮ್ಯಾಲರ ಗೊತ್ತಾಗ್ಲಿ ಬಿಡು, ನನ್ನ ಕೈ ಎಂಥಾದು ಅಂತ."

ಗೊತ್ತಾಗಲಿಲ್ಲ. ಹೊಟ್ಟೆಗೆ ಗೊತ್ತಾಗಿತ್ತು, ಕಾಗದಕ್ಕೆ ಗೊತ್ತಾಗಲಿಲ್ಲ.

ಈ ನಡುವೆ ಬಡಾವಣೆಯ ಹೆಂಗಸರು, ದುರ್ಗಕ್ಕನ ಸೊಸೆ ಲಲಿತಾಳನ್ನು ಮುಂದೆ ಮಾಡಿಕೊಂಡು ಖಾಲಿ ಕೊಡಗಳೊಂದಿಗೆ ಹಂಪಿಯ ರಸ್ತೆಗೆ ಅಡ್ಡ ಕೂತರು. ಬ್ಲೀಚಿಂಗಿನ ವಾಸನೆ ಹೋಗಿ ನಲ್ಲಿಯಲ್ಲಿ ಮತ್ತೆ ಹಳೆಯ ವಾಸನೆಯೇ ಬರುತ್ತಿತ್ತು. ಪ್ರವಾಸಿಗಳ ಕಾರುಗಳು ನಿಂತವು. ಕಾರು ನಿಂತರೆ ಮೇಲಿನವರಿಗೆ ಕೇಳಿಸುತ್ತದೆ. ಸ್ಥಳ ಪರಿಶೀಲನೆಗೆ ಜಿಲ್ಲಾ ಕಚೇರಿಯ ದೊಡ್ಡ ಸಾಹೇಬರು ಬರುತ್ತಾರೆ ಅಂತಾಯಿತು. ಅವರೊಂದಿಗೆ ನೀರಿನ ಎಂಜಿನಿಯರು, ಆರೋಗ್ಯದ ಇನ್ಸ್‌ಪೆಕ್ಟರು, ಎಸ್‌ಐ, ಇನ್ನೂ ಒಂದಷ್ಟು ಜನ. ಸಾಹೇಬರು ಬಂದ ಮೇಲೆ ಊಟವಾಗಬೇಕಲ್ಲ? ಬಡಾವಣೆಯ ಸಮುದಾಯ ಭವನದಲ್ಲಿ ಊಟ. ಅಡುಗೆಗೆ ಯಾರು? ಎಸ್‌ಐ ಒಂದು ಕ್ಷಣವೂ ಯೋಚಿಸಲಿಲ್ಲ.

"ಉಚ್ಚೆಂಗಮ್ಮ, ನಾಳೆ ಸಾಹೇಬ್ರು ಬರ್ತಾರ. ಮಸ್ತ್ ಆಗ್ಬೇಕು. ಹೋಳಿಗಿ ಇರ್ಲಿ, ಎಣ್ಣಿಗಾಯಿ ಇರ್ಲಿ. ನನ್ನ ಮರ್ಯಾದಿ ಪ್ರಶ್ನೆ."

"ನನ್ನ ಮ್ಯಾಲಿನ ಕೇಸು ನೋಡಾಕ ಬರ್ತಾರಲ್ಲರಿ ಅವರು?"

"ಹೌದು. ಅದಕ್ಕ ಛಲೋತ್ನಂಗ ಮಾಡು," ಅಂದ ಆತ.

ಮರುದಿನ ಬೆಳಕು ಹರಿಯುವ ಮೊದಲೇ ಆಕೆ ಭವನದಲ್ಲಿ ಒಲೆ ಹಚ್ಚಿದಳು. ಎರ್ರೆಮ್ಮ ಬೆಳಗಿನಿಂದ ಹಲ್ಲು ಕಡಿಯುತ್ತಲೇ ಹೂರಣ ರುಬ್ಬಿದಳು. ಉಚ್ಚೆಂಗಮ್ಮ ಭವನದ ನಲ್ಲಿಯ ನೀರನ್ನೇ ಹಿಡಿದು, ಬಿಳಿ ಹಬೆ ಏಳುವಂತೆ ಕುದಿಸಿ, ಬೇಳೆ ಬೇಯಿಸಿದಳು. ಕೈ ಎಂದಿನಂತೆಯೇ ಓಡಿತು. ಬೇಸರದಲ್ಲಿ ಉಪ್ಪು ಹೆಚ್ಚಾಗಲಿಲ್ಲ, ಸಿಟ್ಟಿನಲ್ಲಿ ಹೋಳಿಗೆ ಸೀಯಲಿಲ್ಲ.

ಸಾಹೇಬರು ಬಂದರು. ಚರಂಡಿಯ ಹತ್ತಿರ ಕರವಸ್ತ್ರ ಹಿಡಿದು ನಿಂತು ಹಿಂತಿರುಗಿದರು. ಪೈಪು ಅಗೆದು ತೋರಿಸಿರೆಂದು ಲಲಿತಾ ಅಂದದ್ದಕ್ಕೆ, "ನೋಡೋಣ, ನೋಡೋಣ," ಅಂದರು. ಊಟಕ್ಕೆ ಕೂತರು. ಬಾಗಿಲಲ್ಲಿ, ಕಿಟಕಿಗಳಲ್ಲಿ ಬಡಾವಣೆಯ ಹೆಂಗಸರು ನೋಡುತ್ತ ನಿಂತಿದ್ದರು. ಸಾಕ್ಷಿ ಹೇಳಲು ಕರೆಸಿದ್ದ ಹೊನ್ನೂರುಸ್ವಾಮಿ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿದ್ದ. ಹೇಮಾಳನ್ನು ಉಳಿಸಿದ್ದು ಯಾರ ಗಂಜಿ ಅಂತ ಆತನಿಗೆ ಗೊತ್ತಿತ್ತು. ಬಾಯಿ ಬಿಡಲು ಧೈರ್ಯ ಸಾಲಲಿಲ್ಲ.

ಎಲೆ ಹಾಕಿ ಬಡಿಸಿದಳು. ರೊಟ್ಟಿ, ಎಣ್ಣೆಗಾಯಿ, ಹೋಳಿಗೆ, ಕಟ್ಟಿನ ಸಾರು. ಸಾಹೇಬರು ಮೊದಲ ತುತ್ತಿಗೆ ಕಣ್ಣು ಮುಚ್ಚಿದರು. "ಆಹಾ, ಯಾರು ಮಾಡಿದ್ದು?" ಅಂದರು. ಎಸ್‌ಐ ಹಲ್ಲು ಕಿರಿದ. ಆರೋಗ್ಯದ ಇನ್ಸ್‌ಪೆಕ್ಟರು ಮೂರನೆಯ ಹೋಳಿಗೆಗೆ ತುಪ್ಪ ಕೇಳಿದ. ಎಂಜಿನಿಯರು ಸಾರನ್ನು ಅಂಗೈಯಲ್ಲಿ ಹಾಕಿಸಿಕೊಂಡು ಸೊರ್ ಅಂತ ಕುಡಿದ. ಊಟದಲ್ಲಿ ವಿಷವಿತ್ತೆಂದು ಸಹಿ ಹಾಕಿದ ಬೆರಳುಗಳೆಲ್ಲ ಎಲೆ ಬಳಿದವು.

ಆಗ ಉಚ್ಚೆಂಗಮ್ಮ ನಲ್ಲಿಯಿಂದ ಜಗ್ಗು ತುಂಬಿಕೊಂಡು ಬಂದು, ಎಲ್ಲರ ಮುಂದಿನ ಸ್ಟೀಲ್ ಲೋಟಗಳಿಗೂ ನೀರು ಹಾಕುತ್ತ ಹೋದಳು. ಯಾರೂ ಲೋಟಕ್ಕೆ ಕೈ ಹಚ್ಚಲಿಲ್ಲ. ಎಂಜಿನಿಯರು ಕಾಲಿನಿಂದ ಮೇಜಿನ ಕೆಳಗಿನ ಪೆಟ್ಟಿಗೆ ಎಳೆದ. ನೀರಿನ ಬಾಟಲಿಗಳು ಕೈಯಿಂದ ಕೈಗೆ ದಾಟಿದವು, ಮುಚ್ಚಳಗಳು ಕಟಕಟನೆ ತಿರುಗಿದವು. ನೀರು ಕುಡಿಯಲು ಯೋಗ್ಯ ಅಂದಿದ್ದ ಇನ್ಸ್‌ಪೆಕ್ಟರು ಆಕೆ ತನ್ನ ಹತ್ತಿರ ಬಂದಾಗ ಲೋಟದ ಬಾಯಿಯನ್ನು ಎಡಗೈಯಿಂದ ಮುಚ್ಚಿಬಿಟ್ಟ.

"ಯಾಕ್ರಿ?" ಅಂದಳು ಉಚ್ಚೆಂಗಮ್ಮ.

"ಬ್ಯಾಡಮ್ಮ, ಬಾಟ್ಲಿ ಐತಿ."

"ಇದು ನೀವು ಛಲೋ ಐತಿ ಅಂದ ನೀರರಿ. ಒಂದು ಗುಟುಕು ಕುಡೀರಿ."

ಭವನದಲ್ಲಿ ಜಗಿಯುವ ಸದ್ದು ನಿಂತಿತು. ಕಿಟಕಿಯಲ್ಲಿದ್ದ ಹೆಂಗಸರು ಒಬ್ಬರ ಭುಜದ ಮೇಲೊಬ್ಬರು ಬಗ್ಗಿದರು. ಉಚ್ಚೆಂಗಮ್ಮ ಸಾಹೇಬರ ಕಡೆ ತಿರುಗಿದಳು. ಮಾತು ಗಟ್ಟಿಯಾಗಿಯೇ ಬಂತು.

"ಊಟ ವಿಷ ಅಂತ ಬರದ್ರಿ, ಎಲಿ ಬಳದು ಉಂಡ್ರಿ. ನೀರು ಛಲೋ ಐತಿ ಅಂತ ಬರದ್ರಿ, ಮುಟ್ಟಾಕ ಹೆದರ್ತೀರಿ. ಸಾಹೇಬ್ರ, ನೀವ ಹೇಳ್ರಿ, ದುರ್ಗಕ್ಕ ಯಾದರಿಂದ ಸತ್ಲು?"

ಸಾಹೇಬರು ಬಾಟಲಿಯಿಂದ ಒಂದು ಗುಟುಕು ಕುಡಿದರು. ಆಮೇಲೆ ನಕ್ಕರು. "ಭಾರೀ ಮಾತಾಡ್ತೀಯಮ್ಮ. ಮನವಿ ಕೊಡು, ಪರಿಶೀಲಿಸೋಣ," ಅಂದರು. ಉಳಿದವರೂ ನಕ್ಕರು. ಜಗಿಯುವ ಸದ್ದು ಮತ್ತೆ ಶುರುವಾಯಿತು. ಇನ್ಸ್‌ಪೆಕ್ಟರು ಮುಖ ಎತ್ತದೆಯೇ ಎಲೆಯನ್ನು ಮುಂದಕ್ಕೆ ಸರಿಸಿ, ಇನ್ನೂ ಸ್ವಲ್ಪ ಸಾರು ಅಂದ. ನಾಚಿಕೆ ಎಂಬುದು ಅಲ್ಲಿ ಯಾರ ಎಲೆಗೂ ಬಿದ್ದಿರಲಿಲ್ಲ.

ಊಟ ಮುಗಿಯಿತು. ಬಾಟಲಿ ನೀರಿನಿಂದಲೇ ಕೈ ತೊಳೆದರು. ಜೀಪುಗಳು ಸ್ಟಾರ್ಟ್ ಆದವು. ಎಸ್‌ಐ ಅಡುಗೆಯ ಕಡೆಗೆ ಬಂದು ಗುಡ್ಡಪ್ಪನ ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ ಕೊಟ್ಟು ನಿಲ್ಲಿಸಿದ.

"ಹತ್ತು ಹೋಳಿಗಿ ಹಾಕ್ಕೊಡು ಜಲ್ದಿ. ಸಾಹೇಬ್ರ ಮನಿಯೋರಿಗಂತ."

"ಇಲ್ಲ," ಅಂದಳು ಉಚ್ಚೆಂಗಮ್ಮ.

ಎರ್ರೆಮ್ಮ ಬೆಚ್ಚಿ ಅವಳ ಮುಖ ನೋಡಿದಳು. ಹೋಳಿಗೆಯ ಬುಟ್ಟಿ ಅಲ್ಲೇ, ಎಲ್ಲರ ಕಣ್ಣೆದುರಿಗೇ ಇತ್ತು. ಎಸ್‌ಐ ಬುಟ್ಟಿ ನೋಡಿದ, ಆಕೆಯನ್ನು ನೋಡಿದ. "ಇಲ್ಲ ಅಂದ್ರ? ಅದಾವಲ್ಲ."

"ಅದಾವ. ಕೊಡಂಗಿಲ್ಲ."

"ಕೇಸು ನನ್ನ ಕೈಯಾಗೈತಿ, ನೆನಪಿರ್ಲಿ."

"ಇಟ್ಕೋರಿ."

ಹೊರಗೆ ಹಾರ್ನು ಕೂಗಿತು. ಆತ ಏನೋ ಗೊಣಗುತ್ತ ಹೋದ. ಗುಡ್ಡಪ್ಪ ಖಾಲಿ ಡಬ್ಬಿ ಹಿಡಿದುಕೊಂ‍ಡು ಹಿಂದೆಯೇ ಹೋದ. ಮೇಜಿನ ಮೇಲೆ ನೀರು ತುಂಬಿದ ಲೋಟಗಳು ಇಟ್ಟಲ್ಲೇ ಇದ್ದವು. ಲಲಿತಾ ಒಳಗೆ ಬಂದು, ಸೆರಗು ಸಿಕ್ಕಿಸಿಕೊಂಡು, ನೆಲದ ಮೇಲೆ ಕೂತಳು. "ನನಗೂ ಬಡಸು ಯಕ್ಕ," ಅಂದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಉಳಿದ ಹೆಂಗಸರೂ ಕೂತರು. ಹೊನ್ನೂರುಸ್ವಾಮಿಯೂ ಬಂದು ಕೂತ.

ಉಚ್ಚೆಂಗಮ್ಮ ಬಡಿಸಿದಳು. ಅವರ ಬಾಯಲ್ಲಿ ಆಕೆಯ ಕೈಗುಣದ ಹೆಸರು ಮರಳಿತ್ತು, ಅದು ಅವಳಿಗೂ ತಿಳಿಯಿತು. ಆದರೆ ಸಾರಿನ ಸೌಟು ಹಿಡಿದು ಪಂಕ್ತಿಯ ನಡುವೆ ಹೋಗುತ್ತಿರುವಾಗ ಆಕೆ ಬೇರೆ ಏನನ್ನೋ ತನ್ನೊಳಗೆ ಹುಡುಕುತ್ತಿದ್ದಳು. ಇಷ್ಟು ವರ್ಷ ಊಟ ಕೇಳಿದವರಿಗೆ ಇಲ್ಲ ಅಂದವಳಲ್ಲ. ಇವತ್ತು ಅಂದಳು. ಅಂದದ್ದಕ್ಕೆ ಸಂಕಟವಾಗಬೇಕಿತ್ತು, ಮನೆಗೆ ಹೋಗಿ ದೇವರಿಗೆ ತಪ್ಪುಕಾಣಿಕೆ ಇಡಬೇಕೆನ್ನಿಸಬೇಕಿತ್ತು. ಏನೂ ಅನ್ನಿಸಲಿಲ್ಲ. ಇಲ್ಲ ಅಂದರೂ ಏನೂ ಅನ್ನಿಸದವಳನ್ನಾಗಿ ನನ್ನನ್ನೂ ಮಾಡಿಬಿಟ್ಟರಲ್ಲ ಅಂದುಕೊಂಡು, ಸೌಟನ್ನು ಎರ್ರೆಮ್ಮನ ಕೈಗೆ ಕೊಟ್ಟು, ಆಕೆ ಗೋಡೆಗೊರಗಿ ಕೂತುಬಿಟ್ಟಳು.